ಕೈ ಬಿಟ್ಟರೆ ತಾನೇ ನೆಟ್ಟಗಾಗುವ ವಿಮಾನ

ಆರ್‌ಸಿ, ಅಂದರೆ ನೆಲದಿಂದ ರೇಡಿಯೊ ರಿಮೋಟಿನಲ್ಲಿ ನಡೆಸುವ ಪುಟ್ಟ ವಿಮಾನ ಹಾರಿಸಲು ಕಲಿಯಬೇಕು ಎಂದು ಬರುವವರ ಮನಸ್ಸಿನಲ್ಲಿ ಒಂದು ವಿಮಾನ ಮೊದಲೇ ಕೂತಿರುತ್ತದೆ. ಬೆಂಗಳೂರಿನ ಹುಡುಗರಾದರೆ ಹೆಚ್ಚಾಗಿ ಅದು ತೇಜಸ್. ಏರೋ ಇಂಡಿಯಾದಲ್ಲಿ ಅದು ತಲೆ ಮೇಲೆ ಹಾದುಹೋದದ್ದನ್ನು ಒಮ್ಮೆ ನೋಡಿದವರಿಗೆ ಬೇರೆ ಯಾವುದೂ ಹಿಡಿಸುವುದಿಲ್ಲ. ಫೆಬ್ರವರಿಯ ಒಂದು ಭಾನುವಾರ ತುಮಕೂರು ಕಡೆಯ ಬತ್ತಿದ ಕೆರೆಯಂಗಳಕ್ಕೆ ಬಂದ ಇಂಜಿನಿಯರಿಂಗ್ ವಿದ್ಯಾರ್ಥಿಯದೂ ಇದೇ ಪ್ರಶ್ನೆ: ಮೊದಲ ವಿಮಾನವಾಗಿ ತೇಜಸ್ ಮಾದರಿಯ ಜೆಟ್ ಯಾಕೆ ಬೇಡ?

ಟಾರ್ಪಾಲಿನ ಮೇಲೆ ಆವತ್ತು ಮೂರು ವಿಮಾನ ಇದ್ದವು. ಡೆಲ್ಟಾ ರೆಕ್ಕೆಯ ಫೋಮ್ ಜೆಟ್ ಒಂದು, ಮಸ್ಟ್ಯಾಂಗ್ ಮಾದರಿಯ ಕೆಳರೆಕ್ಕೆಯ ಯುದ್ಧವಿಮಾನ ಇನ್ನೊಂದು. ಮೂರನೆಯದು 5 ಮಿ.ಮೀ. ಫೋಮ್‌ಬೋರ್ಡ್ ಕತ್ತರಿಸಿ ಅಂಟಿಸಿದ, 1200 ಮಿ.ಮೀ. ರೆಕ್ಕೆ ಒಡಲಿನ ಮೇಲಿರುವ ಟ್ರೈನರ್, ಅಂದರೆ ಕಲಿಯುವವರ ವಿಮಾನ. ಮೂರಕ್ಕೂ ಒಂದೇ ಪರೀಕ್ಷೆ. ಸುಮಾರು 60 ಮೀಟರ್ ಎತ್ತರಕ್ಕೆ ಒಯ್ದು, 45 ಡಿಗ್ರಿ ವಾಲಿಸಿ, ಟ್ರಾನ್ಸ್‌ಮಿಟರ್‌ನ (ಕೈಯಲ್ಲಿ ಹಿಡಿಯುವ ರಿಮೋಟಿನ) ಸ್ಟಿಕ್‌ನಿಂದ ಬೆರಳು ತೆಗೆಯುವುದು.

ಜೆಟ್ ವಾಲಿದ ಭಂಗಿಯಲ್ಲೇ ಉಳಿಯಿತು, ಮೂತಿ ಇಳಿಯಿತು, ಎರಡು ಮೂರು ಸೆಕೆಂಡಿನಲ್ಲಿ ವೇಗ ಏರುತ್ತಾ ಸುರುಳಿಯಾಗಿ ನೆಲದ ಕಡೆ ಬರತೊಡಗಿತು. ಮಸ್ಟ್ಯಾಂಗ್ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಟ್ರೈನರ್ ಮಾತ್ರ ಅರ್ಧ ಸುತ್ತು ಹಾಕುವಷ್ಟರಲ್ಲಿ ತಗ್ಗಿದ ರೆಕ್ಕೆಯನ್ನು ತಾನೇ ಎತ್ತಿಕೊಂಡು ನೆಟ್ಟಗಾಯಿತು. ಕಲಿಯುವವನ ತಲೆ ಗೊಂದಲಕ್ಕೆ ಬೀಳುವುದು ಆ ಎರಡು ಮೂರು ಸೆಕೆಂಡಿನಲ್ಲೇ. ವಿಮಾನ ತನ್ನತ್ತ ಬರುವಾಗ ಎಡ ಬಲ ಅದಲುಬದಲಾಗುತ್ತದೆ, ಬೆರಳು ತಪ್ಪು ದಿಕ್ಕಿಗೆ ಹೋಗುತ್ತದೆ. ಆ ಹೊತ್ತಿನಲ್ಲಿ ವಿಮಾನ ಏನು ಮಾಡುತ್ತದೆ ಎನ್ನುವುದನ್ನು ನೋಡಿ ಆರಿಸಬೇಕು. ಬಣ್ಣ, ವೇಗ, ಡಬ್ಬಿಯ ಮೇಲಿನ ಚಿತ್ರ ಆಮೇಲಿನ ಮಾತು.

ಟ್ರೈನರ್ ತಾನಾಗಿ ನೆಟ್ಟಗಾಗುವುದಕ್ಕೆ ದೊಡ್ಡ ಕಾರಣ ಡೈಹೆಡ್ರಲ್, ಅಂದರೆ ಎರಡೂ ರೆಕ್ಕೆಯ ತುದಿಗಳು ನಡುಭಾಗಕ್ಕಿಂತ ಮೇಲಕ್ಕೆ ಎದ್ದಿರುವುದು. ವಿಮಾನ ಒಂದು ಪಕ್ಕಕ್ಕೆ ವಾಲಿದಾಗ ಅದೇ ಪಕ್ಕಕ್ಕೆ ಸ್ವಲ್ಪ ಜಾರುತ್ತದೆ. ಜಾರುವಾಗ ತಗ್ಗಿನ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ಬಡಿಯುತ್ತದೆ, ಅಲ್ಲಿ ಲಿಫ್ಟ್ (ಮೇಲೆತ್ತುವ ಬಲ) ಹೆಚ್ಚಿ ಆ ರೆಕ್ಕೆ ಮೇಲೇಳುತ್ತದೆ. ರೆಕ್ಕೆ ಮೇಲಿದ್ದು ತೂಕ ಕೆಳಗಿರುವುದರಿಂದಷ್ಟೇ ಹೀಗಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ಜಾರುವಾಗ ಫ್ಯೂಸಲೇಜಿನ (ಒಡಲಿನ) ಸುತ್ತ ಗಾಳಿ ಹರಿಯುವ ರೀತಿಯಿಂದ ಮೇಲ್ರೆಕ್ಕೆಗೆ ಡೈಹೆಡ್ರಲ್‌ನದೇ ಪರಿಣಾಮ ಒಂದಿಷ್ಟು ಸಿಗುತ್ತದೆ. ಅದರ ಜೊತೆಗೆ, ಕೆಳಗೆ ಬಿದ್ದಾಗ ಮೊದಲ ಪೆಟ್ಟು ರೆಕ್ಕೆಗೆ ತಗಲುವುದಿಲ್ಲ.

ನಿಜವಾದ ತರಬೇತಿ ವಿಮಾನಗಳನ್ನು ನೋಡಿ ಆರಿಸಲು ಹೋದರೆ ಇಲ್ಲಿ ದಾರಿ ತಪ್ಪುತ್ತದೆ. ಬೆಂಗಳೂರಿನಲ್ಲೇ ಎಚ್‌ಎಎಲ್ ಮಾಡಿದ ಎಚ್‌ಟಿ-2 1951ರಲ್ಲಿ ಮೊದಲು ಹಾರಿತು. ಅದು ಕೆಳರೆಕ್ಕೆಯ ವಿಮಾನ. ಅಂಥ ವಿಮಾನದೊಳಗೆ ಕೂತ ಪೈಲಟ್‌ಗೆ ವಾಲುವುದು ಮೈಯಲ್ಲೇ ತಿಳಿಯುತ್ತದೆ, ಹಾರಿಜ಼ಾನ್ ಕಣ್ಣೆದುರಿಗಿರುತ್ತದೆ, ಪಕ್ಕದಲ್ಲೋ ಹಿಂದೆಯೋ ಕಲಿಸುವವರಿರುತ್ತಾರೆ. ನೆಲದ ಮೇಲೆ ನಿಂತವನಿಗೆ ನೂರು ಮೀಟರ್ ಆಚೆಯ ಒಂದು ನೆರಳಿನಾಕೃತಿ ಮಾತ್ರ ಕಾಣುತ್ತದೆ. ಡೆಲ್ಟಾ ಜೆಟ್ ದೂರ ಹೋದಾಗ ತೆಳುವಾದ ಗೆರೆಯಾಗಿಬಿಡುತ್ತದೆ. ಬರುತ್ತಿದೆಯೋ ಹೋಗುತ್ತಿದೆಯೋ ಗೊತ್ತಾಗುವುದಿಲ್ಲ. ಅದಕ್ಕೇ ಟ್ರೈನರ್‌ನ ರೆಕ್ಕೆಯ ಮೇಲೆ ಕೆಂಪು ಅಥವಾ ಹಳದಿ, ಕೆಳಗೆ ಕಪ್ಪು ಅಡ್ಡಪಟ್ಟಿ ಬೇಕು. ಪೂರ್ತಿ ಬಿಳಿ ಫೋಮ್ ಮೋಡದ ದಿನ ಆಕಾಶದಲ್ಲಿ ಕರಗಿಹೋಗುತ್ತದೆ.

ಹುಡುಗ ಕ್ಯಾಲ್ಕುಲೇಟರ್ ತೆಗೆದ ಮೇಲೆ ಮಾತು ರೆಕ್ಕೆಯ ಹೊರೆಗೆ, ಅಂದರೆ ರೆಕ್ಕೆಯ ಒಂದೊಂದು ಚದರ ಡೆಸಿಮೀಟರ್ ಹೊರುವ ತೂಕಕ್ಕೆ ಬಂತು. ಟ್ರೈನರ್‌ನ ರೆಕ್ಕೆ 1200 ಮಿ.ಮೀ. ಉದ್ದ, 200 ಮಿ.ಮೀ. ಅಗಲ, ಅಂದರೆ 24 ಚದರ ಡೆಸಿಮೀಟರ್. ಬ್ಯಾಟರಿ ಸೇರಿ ತೂಕ 840 ಗ್ರಾಂ. ಚದರ ಡೆಸಿಮೀಟರಿಗೆ 35 ಗ್ರಾಂ ಆಯಿತು. ಮಸ್ಟ್ಯಾಂಗ್ 1050 ಗ್ರಾಂ, ರೆಕ್ಕೆ 17 ಚದರ ಡೆಸಿಮೀಟರ್, ಹೊರೆ ಸುಮಾರು 62 ಗ್ರಾಂ. ಸ್ಟಾಲ್ ಆಗುವ ವೇಗ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾಗದೆ ಹೋಗುವ ವೇಗ, ಈ ಹೊರೆಯ ವರ್ಗಮೂಲದಂತೆ ಏರುತ್ತದೆ. ಟ್ರೈನರ್ ಗಂಟೆಗೆ 26 ಕಿ.ಮೀ. ಆಸುಪಾಸಿನಲ್ಲೂ ತೇಲುತ್ತಿದ್ದರೆ ಮಸ್ಟ್ಯಾಂಗ್‌ಗೆ ಅದರ ಮೂರನೇ ಒಂದರಷ್ಟು ಹೆಚ್ಚು ವೇಗ ಬೇಕು. ಇಳಿಸುವಾಗ ಆ ವೇಗ ಸಿಗದಿದ್ದರೆ ಒಂದು ರೆಕ್ಕೆ ತಟ್ಟನೆ ಕುಸಿಯುತ್ತದೆ. ಈ ಅಳತೆಯ ಮೊದಲ ವಿಮಾನಕ್ಕೆ 40 ಗ್ರಾಂ ದಾಟಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೆಂಗಳೂರು, ತುಮಕೂರಿನಂಥ 800–900 ಮೀಟರ್ ಎತ್ತರದ ಊರುಗಳಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 8ರಷ್ಟು ತೆಳು. ಸ್ಟಾಲ್ ವೇಗ ಅಷ್ಟಿಷ್ಟು ಏರುತ್ತದೆ, ಪ್ರೊಪೆಲ್ಲರ್‌ನ ಎಳೆತ ಅಷ್ಟಿಷ್ಟು ಇಳಿಯುತ್ತದೆ. ಹಗುರವಾಗಿ ಕಟ್ಟಲು ಇದೂ ಒಂದು ಕಾರಣ.

ಚಾನೆಲ್, ಅಂದರೆ ಟ್ರಾನ್ಸ್‌ಮಿಟರ್‌ನಿಂದ ಬೇರೆಬೇರೆಯಾಗಿ ನಡೆಸುವ ನಿಯಂತ್ರಣ, ಮೂರೋ ನಾಲ್ಕೋ ಎಂಬ ಚರ್ಚೆ ಮುಗಿಯುವುದೇ ಇಲ್ಲ. ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ), ಎಲಿವೇಟರ್ (ಮೂತಿಯನ್ನು ಏರಿಸಿ ಇಳಿಸುವ ಬಾಲದ ಪಟ್ಟಿ), ಥ್ರಾಟಲ್ (ಮೋಟಾರಿನ ವೇಗ) ಮಾತ್ರ ಇರುವ ವಿಮಾನಕ್ಕೆ 6ರಿಂದ 10 ಡಿಗ್ರಿ ಡೈಹೆಡ್ರಲ್ ಇರಲೇಬೇಕು. ಇಲ್ಲದಿದ್ದರೆ ರಡ್ಡರ್ ತಿರುಗಿಸಿದಾಗ ಮೂತಿ ತಿರುಗುತ್ತದೆಯೇ ಹೊರತು ವಿಮಾನ ವಾಲುವುದಿಲ್ಲ. ಐಲರಾನ್ (ವಿಮಾನವನ್ನು ವಾಲಿಸುವ ರೆಕ್ಕೆಯ ಪಟ್ಟಿ) ಸೇರಿದ ನಾಲ್ಕು ಚಾನೆಲ್‌ಗೆ 2–3 ಡಿಗ್ರಿ ಸಾಕು. ಪಕ್ಕದಲ್ಲಿ ಕಲಿಸುವವರು ಇದ್ದರೆ ನಾಲ್ಕು, ಒಬ್ಬರೇ ಕಲಿಯುವುದಾದರೆ ಮೂರು. ಒಂದು ಉಪಾಯ: ಮೂರು ಚಾನೆಲ್ ವಿಮಾನದಲ್ಲಿ ರಡ್ಡರ್ ಸರ್ವೊವನ್ನು (ಆ ಪಟ್ಟಿಯನ್ನು ಆಡಿಸುವ ಪುಟ್ಟ ಮೋಟಾರನ್ನು) ವಿಮಾನದೊಳಗೆ ಸಿಗ್ನಲ್ ಹಿಡಿಯುವ ರಿಸೀವರ್‌ನ ಐಲರಾನ್ ಜಾಗಕ್ಕೆ ಸಿಕ್ಕಿಸಿ. ತಿರುಗಿಸುವ ಬೆರಳು ಬಲಗೈಯದ್ದೇ ಆಗಿರುತ್ತದೆ, ಮುಂದೆ ಐಲರಾನ್ ವಿಮಾನಕ್ಕೆ ಹೋದಾಗ ಅಭ್ಯಾಸ ಬದಲಿಸಬೇಕಾಗುವುದಿಲ್ಲ. ಈ ಮಾತು ಮೋಡ್ 2 ಟ್ರಾನ್ಸ್‌ಮಿಟರ್‌ಗೆ, ಅಂದರೆ ಥ್ರಾಟಲ್ ಎಡಗೈಯಲ್ಲಿರುವುದಕ್ಕೆ. ಕೊಳ್ಳುವ ಮೊದಲು ಕಲಿಸುವವರ ಮೋಡ್ ಯಾವುದೆಂದು ಕೇಳಿಕೊಳ್ಳಿ.

ಸಿದ್ಧವಾಗಿ ಸಿಗುವವುಗಳಲ್ಲಿ ಇ-ಫ್ಲೈಟ್ ಅಪ್ರೆಂಟಿಸ್ 1.5 ಮೀಟರ್ ರೆಕ್ಕೆಯದ್ದು, ಮೂರು ಚಕ್ರದ್ದು, ನಿಧಾನವಾಗಿ ಹಾರುವಂಥದ್ದು. ಮೊದಲ ಬಿಕ್ಸ್‌ಲರ್ 1.4 ಮೀಟರ್, ಮೋಟಾರು ರೆಕ್ಕೆಯ ಹಿಂದಿದ್ದು ತಳ್ಳುತ್ತದೆ. ಏರೋಸ್ಕೌಟ್ 1.1 ಮೀಟರ್, ಅದೂ ತಳ್ಳುವ ಮೋಟಾರಿನದ್ದೇ. ಹುಬ್ಬಳ್ಳಿ, ಗದಗದ ಕಡೆ ಕಪ್ಪುಮಣ್ಣಿನ ಹೊಲ ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಸಣ್ಣ ಚಕ್ರ ಅದರಲ್ಲಿ ಸಿಕ್ಕಿಕೊಂಡು ವಿಮಾನ ಮಗುಚುತ್ತದೆ. ಅಂಥ ಕಡೆ ಕೈಯಿಂದ ಎಸೆದು ಹೊಟ್ಟೆಯ ಮೇಲೆ ಇಳಿಸುವ ಬಿಕ್ಸ್‌ಲರ್ ಮಾದರಿಯೇ ಮೇಲು. ಮೂತಿ ನೆಲಕ್ಕೆ ತಾಗಿದರೂ ಪ್ರೊಪೆಲ್ಲರ್ ಉಳಿಯುತ್ತದೆ. ಒಂದು ಎಚ್ಚರ: ಎಸೆದ ಮೇಲೆ, ಕೈ ಪ್ರೊಪೆಲ್ಲರ್‌ನಿಂದ ದೂರವಾದ ನಂತರವೇ ಥ್ರಾಟಲ್ ಕೊಡಬೇಕು.

ಸಿದ್ಧ ವಿಮಾನದ ತೊಡಕು ಬಿಡಿಭಾಗ. ರೆಕ್ಕೆ ಮುರಿದಾಗ ಇನ್ನೊಂದು ಹೊರದೇಶದಿಂದ ಬರಬೇಕಾದರೆ ಕಲಿಕೆ ವಾರಗಟ್ಟಲೆ ನಿಲ್ಲುತ್ತದೆ. ಫೋಮ್‌ಬೋರ್ಡ್ ಟ್ರೈನರ್‌ಗೆ ಬೇಕಾದದ್ದು ಹಾಳೆ, ಬ್ಲೇಡು, ಹಾಟ್ ಗ್ಲೂ. ಮುರಿದ ರೆಕ್ಕೆ ಒಂದು ಸಂಜೆಯ ಕೆಲಸ. ನಾನು ಹೆಚ್ಚಿನವರಿಗೆ ಇದನ್ನೇ ಹೇಳುತ್ತೇನೆ. ಮೋಟಾರು 2212, 1000 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಳತೆ), ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) 30 ಆಂಪ್, ಪ್ರೊಪೆಲ್ಲರ್ 10×4.5, ಬ್ಯಾಟರಿ 3ಎಸ್ (ಮೂರು ಸೆಲ್ಲಿನ) 2200 ಎಂಎಎಚ್, 9 ಗ್ರಾಂ ಸರ್ವೊ ನಾಲ್ಕು. ಅಂಗಡಿಯಲ್ಲಿ ನೋಡಲು ಒಂದೇ ಥರ ಇರುವ 1400 ಕೆವಿ ಮೋಟಾರು ಕೊಟ್ಟುಬಿಡುತ್ತಾರೆ. ಅದಕ್ಕೆ ಇದೇ 10 ಇಂಚಿನ ಪ್ರೊಪೆಲ್ಲರ್ ಹಾಕಿದರೆ ಕರೆಂಟು ಮಿತಿ ಮೀರಿ ಸುರುಳಿ ಸುಟ್ಟುಹೋಗುತ್ತದೆ. ಅದರ ಜೋಡಿ 8×4. ಮೋಟಾರನ್ನು ಎರಡು ಮೂರು ಡಿಗ್ರಿ ಕೆಳಕ್ಕೂ ಅಷ್ಟೇ ಬಲಕ್ಕೂ ವಾಲಿಸಿ ಕೂರಿಸಬೇಕು. ಕೆಳವಾಲು ಇಲ್ಲದಿದ್ದರೆ ಥ್ರಾಟಲ್ ಕೊಟ್ಟಾಗಲೆಲ್ಲ ಮೂತಿ ಏಳುತ್ತದೆ. ಹಾಟ್ ಗ್ಲೂ ಬಳಸಿದ ವಿಮಾನವನ್ನು ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬಿಡಬಾರದು. ಅಂಟು ಮೆತ್ತಗಾಗಿ ಮೋಟಾರಿನ ಹಲಗೆ ಗಾಳಿಯಲ್ಲೇ ಕಿತ್ತುಬರುತ್ತದೆ.

ಹಣ ಹಾಕುವುದಾದರೆ ಟ್ರಾನ್ಸ್‌ಮಿಟರ್ ಮತ್ತು ಚಾರ್ಜರ್‌ಗೆ ಹಾಕಿ. ಇವೆರಡು ನೆಲಕ್ಕೆ ಬೀಳುವುದಿಲ್ಲ. ಫ್ಲೈಸ್ಕೈ ಎಫ್‌ಎಸ್-ಐ6 ನಮ್ಮಲ್ಲಿ ಬಹಳ ಮಂದಿಯ ಮೊದಲ ಟ್ರಾನ್ಸ್‌ಮಿಟರ್, ಆರು ಚಾನೆಲ್ಲಿನದ್ದು. ಅದರಲ್ಲಿ ಫೇಲ್‌ಸೇಫನ್ನು ಮೆನುವಿಗೆ ಹೋಗಿ ನಾವೇ ಹೊಂದಿಸಬೇಕು. ಸಿಗ್ನಲ್ ತಪ್ಪಿದರೆ ಥ್ರಾಟಲ್ ಸೊನ್ನೆಗೆ ಇಳಿಯುವಂತೆ. ಪ್ರೊಪೆಲ್ಲರ್ ಬಿಚ್ಚಿಟ್ಟು, ಟ್ರಾನ್ಸ್‌ಮಿಟರ್ ಆಫ್ ಮಾಡಿ, ಮೋಟಾರು ನಿಲ್ಲುತ್ತದೆಯೇ ಎಂದು ನೋಡದೆ ಬಯಲಿಗೆ ಬರಬಾರದು. ಕೇಬಲ್ ಹಾಕಿ ಅದನ್ನೇ ಕಂಪ್ಯೂಟರ್‌ಗೆ ಜೋಡಿಸಿದರೆ ಪಿಕಾಸಿಮ್‌ನಂಥ ಉಚಿತ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಬಹುದು. ವಿಮಾನ ತನ್ನತ್ತ ಬರುವಾಗ ತಗ್ಗಿದ ರೆಕ್ಕೆಯ ಕಡೆಗೇ ಸ್ಟಿಕ್ ತಳ್ಳುವುದು ಅಲ್ಲಿ ರೂಢಿಯಾಗಬೇಕು.

ಮಧ್ಯಾಹ್ನದ ಗಾಳಿ ಏಳುವ ಮೊದಲು ಹುಡುಗನ ಕೈಗೆ ಟ್ರೈನರ್ ಕೊಡುವುದು ಅಂದಾಯಿತು. ಮೊದಲು ಸಿಜಿ, ಅಂದರೆ ವಿಮಾನದ ತೂಕ ಸಮತೋಲಕ್ಕೆ ಬರುವ ಜಾಗ. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ 50 ಮತ್ತು 55 ಮಿ.ಮೀ.ಗೆ ಎರಡೂ ಕಡೆ ಪೆನ್ನಿನಲ್ಲಿ ಗೆರೆ, 200 ಮಿ.ಮೀ. ಅಗಲದ ಶೇ. 25ರಿಂದ 28 ಅದು. ಬ್ಯಾಟರಿ ಒಳಗಿಟ್ಟು, ಎರಡು ತೋರುಬೆರಳ ತುದಿಯನ್ನು ಗೆರೆಯ ಕೆಳಗಿಟ್ಟು ಎತ್ತಿದಾಗ ಬಾಲ ಕುಸಿಯಿತು. ಬ್ಯಾಟರಿಯನ್ನು ಬೆರಳಗಲ ಮುಂದೆ ತಳ್ಳಿದ ಮೇಲೆ ಮೂತಿ ಒಂಚೂರು ತಗ್ಗಿ ನಿಂತಿತು. ಬಾಲಭಾರವಿದ್ದರೆ ಎಲಿವೇಟರ್ ಸ್ವಲ್ಪ ಮುಟ್ಟಿದರೂ ವಿಮಾನ ಮೇಲಕ್ಕೆ ಕೆಳಕ್ಕೆ ಕುಣಿದು ಸ್ಟಾಲ್ ಆಗುತ್ತದೆ, ಕಲಿಯುವವನಿಗೆ ಅದನ್ನು ಉಳಿಸಲಾಗದು. ಮೂತಿಭಾರವಾದರೆ ವೇಗವಾಗಿ, ಜಡವಾಗಿ ಹಾರುತ್ತದೆ ಅಷ್ಟೆ. ಬ್ಯಾಟರಿ ನಿಂತ ಜಾಗಕ್ಕೆ ಒಳಗೆ ಗುರುತು ಹಾಕಿ ವೆಲ್ಕ್ರೊ ಪಟ್ಟಿ ಬಿಗಿದದ್ದಾಯಿತು.

ಆಮೇಲೆ ದಿಕ್ಕು. ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ಐಲರಾನ್ ಮೇಲೇಳಬೇಕು. ತನ್ನತ್ತ ಎಳೆದರೆ ಎಲಿವೇಟರ್ ಮೇಲೇಳಬೇಕು. ಎಲಿವೇಟರ್ ಎರಡೂ ಕಡೆ 10–12 ಮಿ.ಮೀ. ಚಲಿಸಿದರೆ ಸಾಕು, ಎಕ್ಸ್‌ಪೊ (ಸ್ಟಿಕ್‌ನ ನಡುಭಾಗದ ಚಲನೆಯನ್ನು ಮೆದುಗೊಳಿಸುವ ಹೊಂದಿಕೆ) ಶೇ. 30. ಪ್ರೊಪೆಲ್ಲರ್ ಮೇಲಿನ ಅಕ್ಷರ ಮುಂದಕ್ಕೆ ಕಾಣಬೇಕು; ಉಲ್ಟಾ ಹಾಕಿದರೆ ಸದ್ದು ಬರುತ್ತದೆ, ಎಳೆತ ಬಹಳ ಇಳಿದುಹೋಗುತ್ತದೆ. ಜೈರೊ (ವಾಲುವುದನ್ನು ತಾನೇ ಗುರುತಿಸಿ ಸರಿಪಡಿಸುವ ಸಾಧನ) ಇರುವ ವಿಮಾನವಾದರೆ ಇನ್ನೊಂದು ಪರೀಕ್ಷೆ: ಕೈಯಲ್ಲಿ ಹಿಡಿದು ಬಲಕ್ಕೆ ವಾಲಿಸಿದಾಗ ಬಲ ಐಲರಾನ್ ಕೆಳಗಿಳಿಯಬೇಕು. ಮೇಲೇಳುತ್ತಿದ್ದರೆ ಜೈರೊ ಉಲ್ಟಾ, ಎಸೆದ ಕ್ಷಣವೇ ಮಗುಚುತ್ತದೆ. ಜೈರೊ ಗಾಳಿಯಲ್ಲಿ ಬಹಳ ನೆರವಾಗುತ್ತದೆ. ಆದರೆ ತಾನೇ ನೆಟ್ಟಗಾಗಿಸುವ ಮೋಡ್‌ನಲ್ಲೇ ಉಳಿದವರಿಗೆ ತಿರುವಿನಿಂದ ಹೊರಬರುವುದು ಕೈಗೆ ಹತ್ತುವುದಿಲ್ಲ. ಕೆಲವು ಹಾರಾಟದ ನಂತರ ಅದನ್ನು ಸ್ವಿಚ್‌ನಲ್ಲಿ ಆಫ್ ಮಾಡಿ ಅಭ್ಯಾಸ ಮಾಡಬೇಕು.

ಮೋಟಾರು ಇಲ್ಲದೆ ಗಾಳಿಗೆದುರಾಗಿ, ಮಟ್ಟಸವಾಗಿ ಒಮ್ಮೆ ಎಸೆದು ನೋಡಿದಾಗ ಟ್ರೈನರ್ ನೇರವಾಗಿ ಜಾರಿ ಹುಲ್ಲಿನ ಮೇಲೆ ಕೂತಿತು. ಮತ್ತೊಂದು ಟ್ರಾನ್ಸ್‌ಮಿಟರ್‌ಗೆ ಬಡ್ಡಿ ಕೇಬಲ್ (ಕಲಿಸುವವರ, ಕಲಿಯುವವರ ಎರಡು ಟ್ರಾನ್ಸ್‌ಮಿಟರ್‌ಗಳನ್ನು ಬೆಸೆಯುವ ತಂತಿ) ಜೋಡಿಸಿ, 50 ಮೀಟರ್ ಎತ್ತರದ ಮೇಲೆ ಹುಡುಗನಿಗೆ ನಿಯಂತ್ರಣ ಕೊಡಲಾಯಿತು. ದೊಡ್ಡ ಎಡ ತಿರುವು, ದೊಡ್ಡ ಬಲ ತಿರುವು, ಅರ್ಧ ಥ್ರಾಟಲ್. ಅವನಿಗೆ ದಿಕ್ಕು ತಪ್ಪಿದಾಗ ಹೇಳಿದ ಮಾತು ಒಂದೇ, ಸ್ಟಿಕ್ ಬಿಡು. ವಿಮಾನ ನೆಟ್ಟಗಾಯಿತು, ಅವನು ಮತ್ತೆ ಹಿಡಿದ. ಇಳಿಸುವಾಗ ಕೊನೆಯಲ್ಲಿ ಎಲಿವೇಟರ್ ಹೆಚ್ಚು ಎಳೆದು ತಲೆಮಟ್ಟದಲ್ಲಿ ಸ್ಟಾಲ್ ಆಯಿತು. ಮುರಿದದ್ದು ಒಂದು ಪ್ರೊಪೆಲ್ಲರ್. ಪ್ರೊಪೆಲ್ಲರನ್ನು ಮೋಟಾರಿಗೆ ಕಟ್ಟಿ ಹಿಡಿದಿದ್ದು ರಬ್ಬರ್‌ಬ್ಯಾಂಡ್ ಆದ್ದರಿಂದ ಶಾಫ್ಟ್ ಬಾಗಲಿಲ್ಲ.

ಜಾಗದ ವಿಷಯವನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ಆರ್‌ಸಿ ವಿಮಾನಕ್ಕೂ ಅನ್ವಯಿಸುವ 2021ರ ಡ್ರೋನ್ ನಿಯಮಗಳ ನಕ್ಷೆ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿದೆ; ಹಸಿರು ವಲಯದಲ್ಲಿ, ಅಂದರೆ ಮೊದಲೇ ಅನುಮತಿ ಕೇಳಬೇಕಿಲ್ಲದ ಜಾಗದಲ್ಲಿ, 120 ಮೀಟರ್‌ವರೆಗೆ, ಕಣ್ಣಿಗೆ ಕಾಣುವಷ್ಟರಲ್ಲಿ ಹಾರಿಸಬೇಕು. ವಿಮಾನ ನಿಲ್ದಾಣದ ಸುತ್ತ 8ರಿಂದ 12 ಕಿ.ಮೀ. ನಡುವೆ ಹಸಿರು ಇರುವುದು 60 ಮೀಟರ್‌ವರೆಗೆ ಮಾತ್ರ. ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು ನಿಲ್ದಾಣಗಳು ಸೇರಿ ಬೆಂಗಳೂರಿನ ಬಹಳಷ್ಟು ಭಾಗವನ್ನು ಹೊರಗಿಟ್ಟುಬಿಡುತ್ತವೆ. ಕಾಲವನ್ನೂ ನೋಡಿ. ಆಷಾಢದ ಗಾಳಿಗೆ ಗಾಳಿಪಟ ಸರಿ, 35 ಗ್ರಾಂ ಹೊರೆಯ ಟ್ರೈನರ್ ಅಲ್ಲ. ನವೆಂಬರಿನಿಂದ ಮಾರ್ಚ್‌ವರೆಗಿನ ಬೆಳಗು, ಬಿಸಿಲು ಬಲಿಯುವ ಮುನ್ನ, ಕಲಿಯಲು ಒಳ್ಳೆಯ ಹೊತ್ತು.

ಹುಡುಗ ಹೊರಡುವಾಗ ಬರೆದುಕೊಂಡ ಪಟ್ಟಿಯಲ್ಲಿ ಇನ್ನೊಂದು ವಿಮಾನ ಇರಲಿಲ್ಲ. ಪ್ರೊಪೆಲ್ಲರ್ ಐದು, ಸರ್ವೊ ಎರಡು, ಬ್ಯಾಟರಿ ಇನ್ನೊಂದು, ಸೆಲ್ ವೋಲ್ಟೇಜ್ ತೋರಿಸುವ ಅಲಾರಂ ಒಂದು. 2200 ಎಂಎಎಚ್ ಬ್ಯಾಟರಿಯನ್ನು 2.2 ಆಂಪ್‌ನಲ್ಲಿ, ಬ್ಯಾಲೆನ್ಸ್ ತಂತಿ ಜೋಡಿಸಿ, ಎದುರಿಗಿದ್ದೇ ಚಾರ್ಜ್ ಮಾಡಬೇಕು. ಹಾರಾಟಕ್ಕೆ ಟೈಮರ್ 6 ನಿಮಿಷ, ಸೆಲ್ಲಿಗೆ 3.5 ವೋಲ್ಟ್ ಆಗುವ ಮೊದಲು ಇಳಿಸಬೇಕು. ವಾರವಿಡೀ ಹಾರಿಸುವುದಿಲ್ಲವಾದರೆ 3.8 ವೋಲ್ಟ್‌ಗೆ ತಂದಿಡಬೇಕು. ಪೂರ್ತಿ ತುಂಬಿಸಿ ಇಟ್ಟ ಬ್ಯಾಟರಿ ಬೇಗ ಹಳತಾಗಿ ಉಬ್ಬುತ್ತದೆ, ಉಬ್ಬಿದ್ದನ್ನು ಮತ್ತೆ ಚಾರ್ಜರ್‌ಗೆ ಹಾಕಬಾರದು.