ಕಾವೇರಿ ನೀರು ದೀಪ ಹಚ್ಚಿದ ಊರಿಗೆ

ಕೊಡಗಿನವರು ಪ್ರವಾಸ ಅಂತ ಹೊರಟರೆ ಕಡಲ ಕಡೆಗೋ ದೇವಸ್ಥಾನಕ್ಕೋ ಹೋಗುವುದೇ ಜಾಸ್ತಿ. ಬೆಟ್ಟ, ಮಂಜು, ಜಲಪಾತ ಎಲ್ಲ ಮನೆ ಹಿಂದೆಯೇ ಇದೆಯಲ್ಲ. ಕೋಲಾರದ ಚಿನ್ನದ ಗಣಿಗಳ ಊರು ಕೆಜಿಎಫ್‌ಗೆ ಹೋಗಿ ಬರುತ್ತೇವೆ ಅಂದಾಗ ಸಿದ್ದಾಪುರದ ಮನೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, "ಮುಚ್ಚಿದ ಗಣಿಯಲ್ಲಿ ನೋಡೋಕೆ ಏನಿದೆ?" ತುಂಬಾ ಇದೆ. ಮಳೆ ನಿಂತು ಕಾಫಿ ಕೊಯ್ಲು ಶುರುವಾಗುವ ಮೊದಲು ಸಿಗುವ ಸಣ್ಣ ಬಿಡುವಿನಲ್ಲಿ ಭಾವನೂ ನಾನೂ ಹೊರಟೆವು.

ಬೆಂಗಳೂರಿನಿಂದ ಮುಂದಕ್ಕೆ ಕಾರು ಬೇಡ, ಮಾರಿಕುಪ್ಪಂ ರೈಲು ಹತ್ತಿ. ಬಂಗಾರಪೇಟೆ ದಾಟಿದ ಮೇಲೆ ಕೋರಮಂಡಲ್, ಊರಿಗಾಂ, ಚಾಂಪಿಯನ್ ಅಂತ ಒಂದೊಂದೇ ಸ್ಟೇಷನ್ ಬರುತ್ತದೆ, ಎಲ್ಲವೂ ಗಣಿಗಳ ಹೆಸರು. ಕಿಟಕಿಯಾಚೆ ಶಾಫ್ಟ್‌ಗಳ, ಅಂದರೆ ಗಣಿಗೆ ಇಳಿಯುವ ಆಳದ ಬಾವಿಗಳ ಮೇಲಿನ ಕಬ್ಬಿಣದ ಗೋಪುರಗಳು ಕಾಣುತ್ತವೆ.

ಈ ಊರಿಗೂ ನಮಗೂ ಒಂದು ನಂಟಿದೆ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸ ಹಿಡಿಯಿತು. ಆಳಕ್ಕೆ ಹೋದಷ್ಟೂ ಯಂತ್ರ ಜಾಸ್ತಿ, ಯಂತ್ರ ಓಡಿಸಲು ಶಕ್ತಿ ಬೇಕು. ಅದಕ್ಕೆ ಕಾವೇರಿ ಧುಮುಕುವ ಶಿವನಸಮುದ್ರದಲ್ಲಿ ಕರೆಂಟು ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ತಂತಿ ಎಳೆದು, 1902ರಲ್ಲಿ ಇಲ್ಲಿಗೆ ತಂದರು. ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ. ತಲಕಾವೇರಿಯಲ್ಲಿ ಹುಟ್ಟಿ ನಮ್ಮ ತೋಟಗಳ ಪಕ್ಕದಲ್ಲೇ ಹರಿದು ಹೋಗುವ ಹೊಳೆ ಎಲ್ಲೋ ದೂರದ ಈ ಬಯಲಿನಲ್ಲಿ ದೀಪ ಹಚ್ಚಿತು ಅಂದರೆ ಹೆಮ್ಮೆ ಆಗುತ್ತದೆ, ಅಲ್ವಾ? ಈ ವಿಷಯ ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಹೇಳಬೇಕು.

ಮೊದಲು ಸೈನೈಡ್ ಗುಡ್ಡಗಳನ್ನು ನೋಡಿದೆವು. ಅದಿರನ್ನು ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣನ್ನು ಸುರಿದು ಸುರಿದು ಆದ ಗುಡ್ಡಗಳು ಇವು. ದೂರದಿಂದ ಬೂದು ಬಣ್ಣ, ಹತ್ತಿರ ಹೋದರೆ ತುಸು ಹಳದಿ. ಮೇಲೆ ತೆಳ್ಳಗೆ ಗಟ್ಟಿಯಾಗಿದೆ, ಅದು ಒಡೆದ ಕಡೆ ಒಳಗೆ ರಾಗಿಹಿಟ್ಟಿನಷ್ಟು ನುಣ್ಣಗಿನ ಪುಡಿ. ಮಳೆ ನೀರು ಹರಿದು ಆಳುದ್ದದ ಕೊರಕಲುಗಳಾಗಿವೆ. ಫೋಟೋಗೆ ಚೆನ್ನಾಗಿದೆ, ನಿಜ. ಆದರೆ ಗಾಳಿ ಎದ್ದರೆ ಆ ಪುಡಿ ಸುತ್ತಲಿನ ಮನೆಗಳ ಒಳಗೇ ಹೋಗುತ್ತದೆ. ಅಲ್ಲಿ ಬಟ್ಟೆ ಒಣಗಿಸುವವರಿಗೆ, ಉಸಿರಾಡುವವರಿಗೆ ಅದು ದಿನನಿತ್ಯದ ಕಷ್ಟ.

ಗಣಿಯ ಒಳಗೆ ಬಿಡುವುದಿಲ್ಲ. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು, ಗಾಳಿಯನ್ನು ತಂಪು ಮಾಡಿ ಕೆಳಗೆ ಕಳಿಸಬೇಕಿತ್ತು. 1965ರಲ್ಲಿ ವಿಜ್ಞಾನಿಗಳು ಇದೇ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ನ್ಯೂಟ್ರಿನೋ ಅನ್ನುವ, ಬಂಡೆಯನ್ನೂ ತೂರಿ ಹೋಗುವ ಅತಿ ಸಣ್ಣ ಕಣದ ಗುರುತು ಹಿಡಿದರು. ಸಾಮಾನ್ಯ ಜಾಗವಲ್ಲ ಇದು!

ಊರಿನಲ್ಲಿ ಚರ್ಚುಗಳಿವೆ, ಕ್ಲಬ್ ಇದೆ, ದೊಡ್ಡ ಹೆಂಚಿನ ಬಂಗಲೆಗಳಿವೆ. ನಮ್ಮ ಹಳೇ ಎಸ್ಟೇಟ್ ಬಂಗಲೆಗಳನ್ನು ನೋಡಿದವರಿಗೆ ಹೊಸದೇನೂ ಅನ್ನಿಸಲಿಕ್ಕಿಲ್ಲ. ನಮ್ಮ ಕಾಲು ನಿಂತದ್ದು ಕಾರ್ಮಿಕರ ಲೈನ್‌ಗಳಲ್ಲಿ.

ಭಾವ ಹುಟ್ಟಿದ್ದೇ ತೋಟದ ಲೈನ್‌ಮನೆಯಲ್ಲಿ. ಇಲ್ಲಿಯೂ ಹಾಗೆಯೇ, ಉದ್ದಕ್ಕೆ ಒಂದೇ ಸಾಲು, ಮನೆಗೂ ಮನೆಗೂ ನಡುವೆ ಒಂದೇ ಗೋಡೆ, ಬಾಗಿಲು ತೆರೆದರೆ ಚರಂಡಿ, ಅದರ ಮೇಲೊಂದು ಕಲ್ಲುಚಪ್ಪಡಿ, ಚಪ್ಪಡಿಯ ಮೇಲೆ ಬೆಳಗ್ಗೆ ಹಾಕಿದ ರಂಗೋಲಿ. ಒಂದು ಬಾಗಿಲಲ್ಲಿ ಕೂತಿದ್ದ ಅಜ್ಜ ನಮ್ಮನ್ನು ಕರೆದು ಕೂರಿಸಿದರು. ಅವರ ಹಿರಿಯರು ತಮಿಳು ಸೀಮೆಯಿಂದ ಕೆಲಸಕ್ಕೆ ಬಂದವರು, ಅವರೂ ಕೇಜ್‌ನಲ್ಲಿ, ಅಂದರೆ ಗಣಿಯ ಲಿಫ್ಟ್‌ನಲ್ಲಿ, ಕೆಳಗಿಳಿದು ದುಡಿದವರು.

"ಅಜ್ಜಾ, ಭಯ ಆಗ್ತಿರಲಿಲ್ವಾ?" ಭಾವ ಕೇಳಿದ.

"ಕೆಳಗೆ ಇದ್ದಾಗ ಭಯ ಇಲ್ಲಪ್ಪ. ಮೇಲೆ ಇದ್ದಾಗ ನೆಲ ಅಲ್ಲಾಡಿದ್ರೆ ಭಯ. ತಮ್ಮ ಕೆಳಗಿದ್ದಾನಲ್ಲ ಅಂತ."

ಒಳಗೆ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವಂತೆ. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಟ್ಟವರ ಬಗ್ಗೆಯೂ ಹೇಳಿದರು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಈಗ ಮನೆಯ ಹುಡುಗರೆಲ್ಲ ಬೆಳಗಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ವಾಪಸ್.

ಪಾರಂಪರಿಕ ತಾಣ ಅಂದ ಕೂಡಲೇ ಬಂಗಲೆ ಮತ್ತು ಕ್ಲಬ್ಬನ್ನಷ್ಟೇ ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ಚಿನ್ನ ತೆಗೆದವರು ಇದ್ದದ್ದು ಈ ಲೈನ್‌ಗಳಲ್ಲಿ. ಒಂದು ಸಾಲನ್ನಾದರೂ ಇದ್ದ ಹಾಗೇ ಉಳಿಸಿ, ಕೇಜ್, ಹೆಲ್ಮೆಟ್, ದೀಪ ಇಟ್ಟು, ತೋರಿಸುವ ಕೆಲಸವನ್ನು ಇಲ್ಲಿನ ಹುಡುಗರಿಗೇ ಸಂಬಳ ಕೊಟ್ಟು ವಹಿಸಬೇಕು. ಕೊಡಗಿನಲ್ಲೂ ಹೀಗೇ ಆಗಿದೆ, ಬಂಗಲೆಗಳು ಹೋಮ್‌ಸ್ಟೇ ಆದವು, ಲೈನ್‌ಮನೆಯ ಬದುಕಿನ ಬಗ್ಗೆ ಯಾರೂ ಒಂದು ಬೋರ್ಡು ಕೂಡ ಹಾಕಿಲ್ಲ.

ಹೋಗುವವರು ಬೆಳಗ್ಗೆಯೇ ಹೋಗಿ, ಮಧ್ಯಾಹ್ನ ಬಿಸಿಲು ಜೋರು. ಹಳೇ ಶಾಫ್ಟ್‌ಗಳ ಹತ್ತಿರ ಮಾತ್ರ ಸುಳಿಯಬೇಡಿ. ಸಮಯ ಉಳಿದರೆ ಕಮ್ಮಸಂದ್ರದ ಕೋಟಿಲಿಂಗೇಶ್ವರ ಹತ್ತಿರದಲ್ಲೇ ಇದೆ, ಅಲ್ಲಿನ ದೊಡ್ಡ ಲಿಂಗ 108 ಅಡಿ. ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿನ್ನಿ, ಪಾನಿ ಬಣ್ಣವೇ ಇಲ್ಲದ ತಿಳಿನೀರು, ಖಾರ ಮಾತ್ರ ನೆತ್ತಿಗೇರುತ್ತದೆ. ಮುಂದಿನ ಬಿಡುವಿನಲ್ಲಿ ಅತ್ತೆಯನ್ನೂ ಕರೆದುಕೊಂಡು ಬರಬೇಕು ಅಂತ ಭಾವ ಅಲ್ಲೇ ತೀರ್ಮಾನ ಮಾಡಿದ. ಲೈನ್‌ಮನೆಯಲ್ಲಿ ಮಕ್ಕಳನ್ನು ಸಾಕಿದವರು ಅವರು, ಆ ಅಜ್ಜನ ಹತ್ತಿರ ಅವರಿಗೆ ಮಾತಾಡಲು ಬೇಕಾದಷ್ಟಿರುತ್ತದೆ.