ತಾರೀಖು ನೋಡಿದೆ, ಮನೆ ನೋಡಲಿಲ್ಲ

ಬೆಳಗಾವಿಯ ಒಂದು ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಕಡತ ನೋಡಿಕೊಳ್ಳುವ ಗುಮಾಸ್ತ ನಾನು. ವರ್ಷಕ್ಕೊಮ್ಮೆ ಅವರ ಆರ್‌ಪಿ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯ ವಿಸ್ತರಣೆಯ ಹಂಗಾಮು ಬಂದಾಗ ಅವಧಿ ಮುಗಿಯುವ ತಾರೀಖುಗಳನ್ನು ಎಕ್ಸೆಲ್‌ನಲ್ಲಿ ಕೆಂಪು ಮಾಡಿ, ಬೋನಾಫೈಡ್ ಪ್ರಮಾಣಪತ್ರಕ್ಕೆ ಪ್ರಾಚಾರ್ಯರ ಸಹಿ ಹಾಕಿಸಿ, ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ತಾಣವಾದ ಇ-ಎಫ್‌ಆರ್‌ಆರ್‌ಓಗೆ ಅರ್ಜಿ ಕಳಿಸಿದರೆ ನನ್ನ ಪಾಲಿನ ಕೆಲಸ ಮುಗಿಯಿತೆಂದು ಆರು ವರ್ಷ ನಂಬಿದ್ದೆ.

ಹೋದ ಹಂಗಾಮಿನಲ್ಲಿ ತಾಂಜಾನಿಯಾದ ಹುಡುಗನೊಬ್ಬನ ಅರ್ಜಿ, ಅವಧಿಗೆ ಎರಡೇ ದಿನ ಉಳಿದಿದ್ದಾಗ, ಶುಕ್ರವಾರ ಮಧ್ಯಾಹ್ನ ಪ್ರಶ್ನೆ ಹೊತ್ತು ಹಿಂದಿರುಗಿತು: ಈಗಿನ ವಿಳಾಸದ ಸಿ ಫಾರ್ಮ್ ಎಲ್ಲಿ? ಅವನು ಹಾಸ್ಟೆಲ್ ಬಿಟ್ಟು ಟಿಳಕವಾಡಿಯ ಬಾಡಿಗೆ ಕೋಣೆ ಸೇರಿದ್ದು ನನಗೆ ಗೊತ್ತಿತ್ತು. ವಿದೇಶಿಯರಿಗೆ ಕೋಣೆ ಕೊಟ್ಟ ಮಾಲೀಕರು ಅದನ್ನು ಸರ್ಕಾರಕ್ಕೆ ತಿಳಿಸುವ ಆ ಫಾರ್ಮನ್ನು 24 ಗಂಟೆಯೊಳಗೆ ತುಂಬಬೇಕೆಂಬುದೂ ಗೊತ್ತಿತ್ತು. "ಕಾಕಾ, ಫಾರ್ಮ್ ಹಾಕೀರೇನ್ರಿ?" ಎಂದು ಮನೆ ಮಾಲೀಕರನ್ನು ಫೋನಿನಲ್ಲಿ ಕೇಳಿದ್ದೆ, "ಹೂಂನ್ರಿ, ಎಲ್ಲಾ ಆಗೇತಿ" ಎಂದಿದ್ದರು. ಅವರು ಹೇಳಿದ್ದು ಬಾಡಿಗೆ ಕರಾರಿನ ಬಗ್ಗೆ ಎಂಬುದು ಅಂದು ಅವರ ಕಟ್ಟೆಯ ಮೇಲೆ ಕುಳಿತಾಗಲೇ ತಿಳಿದದ್ದು.

2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಕಾಯ್ದೆಯ ಪ್ರಕಾರ ಅವಧಿ ಮೀರಿ ಉಳಿದವರಿಗೆ 3 ವರ್ಷದವರೆಗೆ ಸೆರೆ, 3 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಈ ಅರ್ಜಿ ಮುಚ್ಚಿಹೋಗಿ, ಹೊಸದನ್ನು ಹಾಕುವಷ್ಟರಲ್ಲಿ ಭಾನುವಾರ ದಾಟಿದರೆ ಹುಡುಗನ ಗತಿಯೇನು ಎಂಬುದೊಂದೇ ತಲೆಯಲ್ಲಿತ್ತು. ಮನೆ ತಮ್ಮದೆಂದು ತೋರಿಸಲು ಕಾಕಾ ತಂದುಕೊಟ್ಟ ಹೆಸ್ಕಾಂ ಕರೆಂಟ್ ಬಿಲ್ಲು ತೀರಿಹೋದ ಅವರ ತಂದೆಯ ಹೆಸರಿನಲ್ಲಿತ್ತು. ಟ್ರಂಕಿನಿಂದ ಮನೆಪಟ್ಟಿಯ ರಸೀದಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು, ಏಕೆಂದರೆ ಪ್ರತಿ ಕಾಗದವನ್ನೂ ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿಯೇ ಬದಿಗಿಡುತ್ತಿದ್ದರು. ಕಚೇರಿಗೆ ಓಡಿ ಬಂದರೆ ಮೂರು ವಿಭಾಗಕ್ಕಿರುವ ಒಂದೇ ಸ್ಕ್ಯಾನರಿನ ಮುಂದೆ ಪರೀಕ್ಷಾ ವಿಭಾಗದವರು ಅಂಕಪಟ್ಟಿಯ ಕಟ್ಟು ಹಿಡಿದು ನಿಂತಿದ್ದರು.

ಸಿ ಫಾರ್ಮ್ ತುಂಬುವ ತಾಣದಲ್ಲಿ ಕಾಕಾರ ಹೆಸರಿನಲ್ಲಿ ಖಾತೆ ತೆರೆದು, ಅದಕ್ಕೆ ಅನುಮೋದನೆ ಸಿಕ್ಕು ಸಿ ಫಾರ್ಮ್ ಹೋದಾಗ ಸಂಜೆ ಐದೂವರೆ. ಇನ್ನು ಪ್ರಶ್ನೆಗೆ ಉತ್ತರ ಕೊಡಲು ಇ-ಎಫ್‌ಆರ್‌ಆರ್‌ಓದಲ್ಲಿ ಹುಡುಗನ ಖಾತೆಗೆ ಲಾಗಿನ್ ಆಗಬೇಕು. ಪಾಸ್‌ವರ್ಡ್ ಬದಲಾಯಿಸಿಕೊಂಡಿದ್ದ ಅವನು ಗೆಳೆಯರೊಂದಿಗೆ ಗೋವಾಕ್ಕೆ ಹೊರಟು ಚೋರ್ಲಾ ಘಾಟಿನಲ್ಲಿದ್ದ. ಓಟಿಪಿ ಅವನ ಮೊಬೈಲಿಗೇ ಹೋಗುತ್ತದೆ, ಘಾಟಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಹನ್ನೊಂದು ಸಲ ಫೋನ್ ಮಾಡಿದೆ. ಜವಾನ ದೀಪ ಆರಿಸಲು ಬಂದು, ನನ್ನ ಮುಖ ನೋಡಿ ಸುಮ್ಮನೆ ಹೋದ. ಹುಡುಗನಿಗೆ ಗೋವಾಕ್ಕೆ ಹೋಗಬೇಡ ಎನ್ನದ ನನ್ನನ್ನೇ ಬೈದುಕೊಳ್ಳುತ್ತ, ಕಾಲಾವಧಿ ಮೀರಿದ ಓಟಿಪಿಯ ಪರದೆಯನ್ನು ನೋಡುತ್ತ ಕುಳಿತೆ. ಆರೂ ಐವತ್ತಕ್ಕೆ ಯಾವುದೋ ಚಹಾದಂಗಡಿಯಿಂದ ಅವನ ಕರೆ ಬಂತು: "ಸರ್, ಏನ್ ಪ್ರಾಬ್ಲಮ್?" ಮೂರನೆಯ ಓಟಿಪಿ ಹಿಡಿಯಿತು.

ಮುಂದಿನ ವಾರದ ಸಭೆಯಲ್ಲಿ ಸಾಹೇಬರು ಇಂಥದ್ದಕ್ಕೆಲ್ಲ ಡ್ಯಾಶ್‌ಬೋರ್ಡ್ ಮಾಡಿಸೋಣ ಎಂದರು. ನಾನು ಒಂದು ಸ್ಕ್ಯಾನರ್ ಕೇಳಿದೆ. ಎರಡೂ ಬಂದಿಲ್ಲ. ಎಕ್ಸೆಲ್ ಹಾಳೆಗೆ ಮಾತ್ರ ಸಿ ಫಾರ್ಮ್ ನಕಲಿನದೊಂದು ಕಾಲಂ ಸೇರಿಸಿದ್ದೇನೆ. ನಕಲು ಕೈಗೆ ಬಾರದೆ, ಯಾರು ಹೂಂ ಎಂದರೂ ಅದನ್ನು ತುಂಬುವುದಿಲ್ಲ.

ಮೊನ್ನೆ ಕಾಕಾ ತಾವಾಗಿಯೇ ಫೋನ್ ಮಾಡಿದ್ದರು. "ತಂಗಿ ಮಗ ಕೊಲ್ಹಾಪುರದಿಂದ ಬಂದಾನ್ರಿ, ಅವಂಗೂ ಸಿ ಫಾರ್ಮ್ ಹಾಕಬೇಕೇನ್ರಿ?"