ಪೊಟ್ಯಾಷ್ ಲಾರಿ ಕೂಗಿಸಿದ ಅಲಾರಂ

ಇವತ್ತು ಲಾರಿಗಳನ್ನು ತಪಾಸಣೆ ಮಾಡೋ ಗೇಟಿನ ವಿಕಿರಣ ಮಾಪಕ ಕೂಗಿತು. ಲಾರಿಯಲ್ಲಿದ್ದದ್ದು ಪೊಟ್ಯಾಷ್ ಗೊಬ್ಬರ.

ಯಂತ್ರದ ತಪ್ಪಲ್ಲ. ಗೊಬ್ಬರದಲ್ಲಿ ಸಹಜವಾಗಿಯೇ ಪೊಟ್ಯಾಷಿಯಂ-40, ಅಂದ್ರೆ ವಿಕಿರಣ ಸೂಸುವ ಬಗೆಯ ಪೊಟ್ಯಾಷಿಯಂ, ಇರುತ್ತೆ. ಟೈಲ್ಸ್, ಗ್ರಾನೈಟ್ ಬಂದರೂ ಹೀಗೇ.

ಮಾಪಕ ತನಗೆ ತಾಗಿದ ವಿಕಿರಣದ ಕಣಗಳನ್ನು ಎಣಿಸುತ್ತೆ. ಖಾಲಿ ಗೇಟಿನಲ್ಲಿ ಸೆಕೆಂಡಿಗೆ ಸರಾಸರಿ 400 ಎಣಿಕೆ ಅಂತಿಟ್ಟುಕೊಳ್ಳಿ. ಅದು ತಾನಾಗಿಯೇ ಏರಿಳಿಯೋದು 400ರ ವರ್ಗಮೂಲದಷ್ಟು, ಅಂದ್ರೆ 20. ಅದರ ಮೂರು ಪಟ್ಟು ಸೇರಿಸಿ 460ಕ್ಕೆ ಗಡಿ ಇಟ್ಟರೆ, ಏನೂ ಇಲ್ಲದಾಗಲೂ ಸುಮಾರು 740 ಅಳತೆಗೊಮ್ಮೆ ಕೂಗುತ್ತೆ. ಸೆಕೆಂಡಿಗೊಂದು ಅಳತೆ ಅಂದ್ರೆ ಹನ್ನೆರಡು ನಿಮಿಷಕ್ಕೊಂದು ಸುಳ್ಳು ಅಲಾರಂ! ಅದಕ್ಕೇ ಐದು ಪಟ್ಟು, 500.

ಆದರೆ ನಿಜವಾದ ತೊಡಕು ಬೇರೆ. ಲಾರಿ ಒಳಗೆ ಬಂದ ಕೂಡಲೇ ಎಣಿಕೆ ಇಳಿಯುತ್ತೆ.

ಹೌದು, ಇಳಿಯುತ್ತೆ. ಅದರ ಕಬ್ಬಿಣ, ಸರಕು ಎಲ್ಲ ನೆಲದಿಂದ ಬರುವ ವಿಕಿರಣಕ್ಕೆ ಅಡ್ಡ ನಿಲ್ಲುತ್ತೆ. 400 ಇದ್ದದ್ದು 340 ಆಯ್ತು ಅನ್ನಿ. ಸರಕಿನೊಳಗಿನ ವಿಕಿರಣದ ಮೂಲ 100 ಸೇರಿಸಿದರೂ 440 ಅಷ್ಟೇ. ಗಡಿ ಮುಟ್ಟಲ್ಲ.

ಹಾಗಾಗಿ ಒಟ್ಟು ಎಣಿಕೆ ಸಾಲದು, ಶಕ್ತಿಯ ಹಂಚಿಕೆ, ಅಂದ್ರೆ ಯಾವ ಶಕ್ತಿಯ ಕಣ ಎಷ್ಟು ಅಂತ, ನೋಡಬೇಕು. ಬರೀ ಅಡ್ಡ ನಿಂತರೆ ಎಲ್ಲ ಶಕ್ತಿ ಪಟ್ಟಿಗಳೂ ಹೆಚ್ಚುಕಡಿಮೆ ಒಟ್ಟಿಗೆ ತಗ್ಗುತ್ತವೆ. ಮೂಲ ಇದ್ದರೆ ಅವುಗಳ ಅನುಪಾತ ಕೆಡುತ್ತೆ.

ಆಮೇಲೆ ಮೂಲ ಯಾವುದು ಅಂತ ಗುರುತಿಸೋಕೆ ಸೋಡಿಯಂ ಅಯೋಡೈಡ್ ಹರಳಿನ ಕೈಯಂತ್ರ. ಪ್ರತಿ ಮೂಲಕ್ಕೂ ತನ್ನದೇ ಶಕ್ತಿಯ ಗುರುತಿನ ಗೆರೆ ಇರುತ್ತೆ: ಪೊಟ್ಯಾಷಿಯಂ-40 ಆದರೆ ಗೆರೆ 1460 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ (ಶಕ್ತಿಯ ಅಳತೆ). ಸೀಸಿಯಂ-137ಕ್ಕೆ 662. ಕೋಬಾಲ್ಟ್-60 ಆದರೆ 1173, 1332ರ ಜೋಡಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಗೆ ಸೇರಿದ್ದು ಅದೇ ಕೋಬಾಲ್ಟ್. ಒಂದು ಜೀವ ಹೋಯ್ತು.

ಇವತ್ತಿನ ಗೆರೆ 1460ರಲ್ಲೇ ಇತ್ತು, ಲೋಡಿನ ಉದ್ದಕ್ಕೂ ಎಣಿಕೆ ಒಂದೇ ಸಮ. ಒಂದೇ ಕಡೆ ಚೂಪಾಗಿ ಏರಿದ್ದರೆ, ಅಲ್ಲಿ ಬೇರೇನೋ ಅಡಗಿದೆಯಾ ಅಂತ ನೋಡೋಕೆ ಚೀಲಗಳನ್ನೆಲ್ಲ ಇಳಿಸಬೇಕಾಗ್ತಿತ್ತು.